ಎರಡು ಊರಿನ ಗಡಿಯಾರ: ದೂರ, ಕಾಲ, ಜವದ ಒಂದು ಪಾಠ

ಜವ = ದೂರ ÷ ಕಾಲ. ಒಂಬತ್ತನೇ ತರಗತಿಯ ಮಕ್ಕಳು ಈ ಸೂತ್ರವನ್ನು ಕೇಳಿದ ತಕ್ಷಣ ಒಪ್ಪಿಸುತ್ತಾರೆ. ಮೊಸಳೆಯಿಂದ ಹಾಸನಕ್ಕೆ ಸುಮಾರು 12 ಕಿ.ಮೀ.; ಬಸ್ಸಿಗೆ ಅರ್ಧ ಗಂಟೆ ಹಿಡಿದರೆ ಸರಾಸರಿ ಜವ ಗಂಟೆಗೆ 24 ಕಿ.ಮೀ. ಇಲ್ಲಿ ಯಾರೂ ತಪ್ಪುವುದಿಲ್ಲ, ಏಕೆಂದರೆ ಹತ್ತಿದ ಊರಿನ ಗಡಿಯಾರವೂ ಇಳಿದ ಊರಿನ ಗಡಿಯಾರವೂ ಒಂದೇ. ಸೂತ್ರದಲ್ಲಿರುವ ‘ಕಾಲ’ ಯಾವುದು ಎಂದು ಮಗು ಯೋಚಿಸಬೇಕಾಗುವುದು ಎರಡು ಗಡಿಯಾರಗಳು ಬೇರೆಯಾದಾಗ.

ಅದಕ್ಕೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಒಳ್ಳೆಯ ಉದಾಹರಣೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನಗರಗಳ ನಡುವೆ ಎಲ್ಲೂ ನಿಲ್ಲದ ಹಾರಾಟ ಆರಂಭಿಸಿತು. ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು. ಹೆಣ್ಣುಮಕ್ಕಳಿರುವ ತರಗತಿಯಲ್ಲಿ ಈ ಮಾತು ಹೇಳದೆ ಮುಂದೆ ಹೋಗಬೇಡಿ.

ಮೊದಲು ದೂರ. ಗೋಡೆಯ ನಕ್ಷೆಯನ್ನು ಸುತ್ತಿಡಿ. ಅದರಲ್ಲಿ ಧ್ರುವದ ದಾರಿ ಕಾಣುವುದೇ ಇಲ್ಲ. ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಹಿಡಿಸಿ. ದಾರ ತಾನೇ ಧ್ರುವದ ಹತ್ತಿರಕ್ಕೆ ಜಾರುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ದಾರ 33 ಸೆಂ.ಮೀ. ಬಂದರೆ ದೂರ ಸುಮಾರು 14,000 ಕಿ.ಮೀ. ಈ ಅಳತೆಯನ್ನು ಮಕ್ಕಳೇ ಮಾಡಲಿ, ಹತ್ತು ನಿಮಿಷ ಹೋದರೂ ಚಿಂತೆಯಿಲ್ಲ.

ಈಗ ಕಾಲ. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯಿತು ಎಂದು ಕರಿಹಲಗೆಯ ಮೇಲೆ ಬರೆಯಿರಿ. ಬಹುತೇಕ ಮಕ್ಕಳು ಎರಡೂವರೆ ಗಂಟೆ ಎಂದು ಭಾಗಿಸಿ, ಗಂಟೆಗೆ 5,600 ಕಿ.ಮೀ. ಎನ್ನುತ್ತಾರೆ. ಆ ಉತ್ತರವನ್ನು ಅಳಿಸಬೇಡಿ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ಕೂಡ ಗಂಟೆಗೆ ಸುಮಾರು 2,200 ಕಿ.ಮೀ. ದಾಟಲಿಲ್ಲ ಎಂದಷ್ಟೇ ಹೇಳಿ, ಸುಮ್ಮನಿರಿ. ಪ್ರಶಿಕ್ಷಣಾರ್ಥಿಗಳಿಗೆ ಕಷ್ಟವಾಗುವುದು ಈ ಸುಮ್ಮನಿರುವಿಕೆಯೇ. ವೀಕ್ಷಕರು ಹಿಂದೆ ಕುಳಿತಿದ್ದಾರೆಂದು ಉತ್ತರವನ್ನು ತಾವೇ ಹೇಳಿಬಿಡುತ್ತಾರೆ.

ಮಕ್ಕಳು ರೇಖಾಂಶದ ಮಾತೆತ್ತಿದ ಮೇಲೆ ಲೆಕ್ಕ ಸುಲಭ. ಭಾರತದ ಆದರ್ಶ ವೇಳೆ 82½° ಪೂರ್ವ ರೇಖಾಂಶದ್ದು, ಸ್ಯಾನ್ ಫ್ರಾನ್ಸಿಸ್ಕೊದ್ದು 120° ಪಶ್ಚಿಮದ್ದು. ಅಂತರ 202½°. ಡಿಗ್ರಿಗೆ 4 ನಿಮಿಷದಂತೆ 810 ನಿಮಿಷ, ಅಂದರೆ 13 ಗಂಟೆ 30 ನಿಮಿಷ. ನಮ್ಮ ಗಡಿಯಾರ ಮುಂದೆ. ನಗರಗಳ ಸ್ವಂತ ರೇಖಾಂಶ ಹಿಡಿದು ಲೆಕ್ಕ ಹಾಕಿದವರಿಗೆ ಸುಮಾರು 13 ಗಂಟೆ 20 ನಿಮಿಷ ಬರುತ್ತದೆ. ಸ್ಥಾನಿಕ ವೇಳೆಗೂ ಆದರ್ಶ ವೇಳೆಗೂ ಇರುವ ವ್ಯತ್ಯಾಸ ತಿಳಿಸಲು ಅದೇ ಸರಿಯಾದ ಗಳಿಗೆ.

‘ಪೂರ್ವಕ್ಕೆ ಕೂಡು, ಪಶ್ಚಿಮಕ್ಕೆ ಕಳೆ’ ಎಂಬ ನಿಯಮ ಕೊಡಬೇಡಿ. ಧ್ರುವದ ಮೇಲೆ ಹಾರುವ ವಿಮಾನಕ್ಕೆ ಪೂರ್ವ ಯಾವುದು, ಪಶ್ಚಿಮ ಯಾವುದು? ಎರಡೂ ವೇಳೆಗಳನ್ನು ಬೆಂಗಳೂರಿನ ಗಡಿಯಾರಕ್ಕೆ ತರಿಸಿ. ಅಲ್ಲಿ ಸಂಜೆ 5 ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ 6.30. ಪ್ರಯಾಣ 16 ಗಂಟೆ, ಸರಾಸರಿ ಜವ ಗಂಟೆಗೆ 875 ಕಿ.ಮೀ.

ಮರುಪ್ರಯಾಣವನ್ನು ಮಕ್ಕಳಿಗೇ ಬಿಡಿ: ಅಲ್ಲಿ ಶನಿವಾರ ರಾತ್ರಿ 8.30ಕ್ಕೆ ಹೊರಟು, ಇಲ್ಲಿ ಸೋಮವಾರ ಬೆಳಗಿನ ಜಾವ 3.45ಕ್ಕೆ ಇಳಿದರೆ 17 ಗಂಟೆ 45 ನಿಮಿಷ. ಜವ ಸುಮಾರು 789. ಅದೇ ದೂರಕ್ಕೆ ಹೆಚ್ಚು ಹೊತ್ತೇಕೆ ಎಂದು ಯಾರಾದರೂ ಕೇಳಿದರೆ, ಪೆಸಿಫಿಕ್ ಮೇಲೆ ಪೂರ್ವಕ್ಕೆ ಹಾರುವಾಗ ಎತ್ತರದ ಪಶ್ಚಿಮ ಗಾಳಿ ಹಿಂದಿನಿಂದ ತಳ್ಳುವುದನ್ನು ಹೇಳಿ.

ಮನೆಗೆಲಸಕ್ಕೆ ಇದೇ ಪ್ರಯಾಣವನ್ನು ಜುಲೈ ತಿಂಗಳಿಗೆ ಬದಲಿಸಿ ಕೊಡಿ. ಆಗ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಅಂತರ 12 ಗಂಟೆ 30 ನಿಮಿಷ.