ಮೊದಲು ಖೋಲಿ, ಆಮೇಲೆ ಸ್ಪೀಕರ್

ಮನೆಯಲ್ಲಿ ಹಾಡು ಕೇಳುವುದಕ್ಕೆ ಸ್ಟುಡಿಯೊ ಮಾನಿಟರ್ ಸ್ಪೀಕರ್ ತರಬಹುದೇ? ಧಾರಾಳವಾಗಿ ತರಬಹುದು, ಖೋಲಿ ಅಳೆದ ಮೇಲೆ. ಅಳೆಯದೆ ತಂದವರ ಸಾಲಿನಲ್ಲಿ ನಾನೂ ಇದ್ದೇನೆ. ಅಂಗಡಿಯವರನ್ನು ಬೈಯುವುದು ಸುಲಭ, ಆದರೆ ಹಠ ನನ್ನದೇ. ನಮ್ಮ ಕುಂದಗೋಳ ತಾಲೂಕಿನ ಕುಬಿಹಾಳದಂಥ ಊರಲ್ಲಿ ಸ್ಪೀಕರ್ ಅಂದರೆ ವ್ಯಾಟು. ಜಾತ್ರೆಗೆ, ಮದುವೆಗೆ ತರಿಸುವ ಡಬ್ಬಗಳ ಲೆಕ್ಕವನ್ನೇ ಮನೆಗೂ ಹಚ್ಚುತ್ತೇವೆ. ಆ ಲೆಕ್ಕವೇ ತಪ್ಪು. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಮಾನಿಟರ್ ಇರುವುದೋ ನಾಲ್ಕೈದು ಅಡಿ ದೂರದಲ್ಲಿ ಕೂತು ಕೇಳಲಿಕ್ಕೆ. ಅಷ್ಟು ಹತ್ತಿರದಲ್ಲಿ ವ್ಯಾಟಿನ ಜಂಬಕ್ಕೆ ಕೆಲಸವೇ ಇಲ್ಲ.

ಮಾನಿಟರಿನ ಉದ್ದೇಶ ಸ್ವರಕ್ಕೆ ಒಗ್ಗರಣೆ ಹಾಕದಿರುವುದು. ಈ ಸೀಮೆಯ ಸಂಗೀತಕ್ಕೆ ಅದು ಹೇಳಿ ಮಾಡಿಸಿದ ಗುಣ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ನೆಲೆಸಿದ್ದು, ಅವರ ಬಳಿ ಭೀಮಸೇನ ಜೋಶಿ ಕಲಿತದ್ದು ಇದೇ ತಾಲೂಕಿನ ಕುಂದಗೋಳದಲ್ಲಿ. ಅವರು ಹಾಡಿದ ಕಿರಾಣಾ ಗಾಯಕಿಯ ಜೀವ ಒಂದೊಂದು ಸ್ವರವನ್ನೂ ನಿಧಾನಕ್ಕೆ ಬಿಡಿಸುವುದರಲ್ಲಿದೆ. ಅದು ಕೇಳಿಸುವುದು ನಡುವಣ ಕಂಪನಗಳಲ್ಲಿ. ಗಂಡುದನಿಯ ತಂಬೂರಿಯ ಖರಜ ತಂತಿ ಕೂಡ ಸುಮಾರು 65ರಿಂದ 70 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಒಳ್ಳೆಯ 5 ಇಂಚಿನ ಮಾನಿಟರ್ ಅಲ್ಲಿಯವರೆಗೆ ಇಳಿಯಬಲ್ಲದು. ಎಂಟು ಇಂಚಿನದೇ ಬೇಕೆಂಬ ಹಟ ಸಿನಿಮಾ ಹಾಡಿನ ಢಮಢಮಕ್ಕೆ ಇರಲಿ.

ಇನ್ನು ಖೋಲಿ. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆ ಸಿಕ್ಕಿಬಿದ್ದು ಮೊರೆಯುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹತ್ತು ಹತ್ತೇ ಅಡಿಯಾದರೆ ಅದೇ ಮೊರೆತ ಮೂರೂ ದಿಕ್ಕಿನಿಂದ ಒಂದಾಗುತ್ತದೆ. ಡಗ್ಗಾದ ಪೆಟ್ಟು ಮುಗಿದ ಮೇಲೂ ಗುಂಯ್ ಎನ್ನುತ್ತಿದ್ದರೆ ತಪ್ಪು ಸ್ಪೀಕರಿನದಲ್ಲ, ಖೋಲಿಯದು. ಸ್ಪೀಕರನ್ನು ಮೂಲೆಯಲ್ಲಿಟ್ಟರೆ ಆ ಮೊರೆತ ಇನ್ನಷ್ಟು ಉಬ್ಬುತ್ತದೆ. ಆರ್‌ಸಿಸಿ ಛತ್ತು, ಟೈಲ್ಸ್ ನೆಲ ಕೂಡಿದರೆ ಮೇಲಿನ ಸ್ವರಗಳೂ ಗೋಡೆಯಿಂದ ಗೋಡೆಗೆ ಪುಟಿದು ಕಿವಿ ಚುಚ್ಚುತ್ತವೆ. ನಾವು ಕೆಡವಿದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒರಟು ಗೋಡೆ, ಜಂತಿ, ಹತ್ತಿಯ ಅಂಡಿಗೆ ಎಲ್ಲ ಇದ್ದವು. ಧ್ವನಿಯ ಮಟ್ಟಿಗೆ ಅವೇ ವಾಸಿ. ಗೋಡೆಗೆ ದಪ್ಪ ಕೌದಿ ತೂಗುಬಿಟ್ಟರೆ ಚುಚ್ಚು ಇಳಿಯುತ್ತದೆ, ಮೊರೆತ ಇಳಿಯುವುದಿಲ್ಲ. ಅದಕ್ಕೆ ಸ್ಪೀಕರನ್ನೂ ಕುರ್ಚಿಯನ್ನೂ ಸರಿಸಿ ಸರಿಸಿ ನೋಡುವುದೇ ದಾರಿ. ಎರಡು ಸ್ಪೀಕರಿನ ನಡುವೆ ಎಷ್ಟು ಅಂತರವೋ ಅಷ್ಟೇ ದೂರದಲ್ಲಿ ಕೂಡ್ರಬೇಕು, ಮೇಲಿನ ಚಿಕ್ಕ ಟ್ವೀಟರ್ ಕಿವಿಯ ಮಟ್ಟಕ್ಕಿರಬೇಕು. ಕಪಾಟಿನ ನೆತ್ತಿಯ ಮೇಲೆ ಏರಿಸುವುದಾದರೆ ಮಾನಿಟರಿಗೆ ದುಡ್ಡು ಹಾಕಲೇಬೇಡಿ.

ಹಳೆಯ ಧ್ವನಿಮುದ್ರಿಕೆಯ ಕೊರತೆಯನ್ನೆಲ್ಲ ಮಾನಿಟರ್ ಎತ್ತಿ ತೋರಿಸುತ್ತದೆ ಎಂಬ ಆಕ್ಷೇಪವಿದೆ. ಒಂದೊಂದು ಬದಿ ಮೂರು ನಿಮಿಷದ ಆಸುಪಾಸು ಓಡುತ್ತಿದ್ದ 78 ಆರ್‌ಪಿಎಂ ತಟ್ಟೆಗಳ ಸರಸರ ಸದ್ದು ಕೇಳಿಸುವುದು ನಿಜ. ಆದರೆ ಮೇಲಿನ ಸ್ವರವನ್ನು ಬೇಕೆಂದೇ ಎತ್ತಿಕೊಡುವ ಮನೆ ಸ್ಪೀಕರುಗಳಲ್ಲಿ ಅದು ಇನ್ನೂ ಹೆಚ್ಚು. ಮಾನಿಟರಿನ ಹಿಂದೆ ಟ್ರೆಬಲ್ ತಗ್ಗಿಸುವ ಗುಂಡಿಯಾದರೂ ಇರುವುದುಂಟು. ಹಾಗಂತ ಮಾನಿಟರ್ ಎಂಬ ಹೆಸರಿಗೇ ಮರುಳಾಗಬೇಕಿಲ್ಲ. ಸ್ಟುಡಿಯೊಗಳಲ್ಲಿ ದಶಕಗಟ್ಟಲೆ ಮೆರೆದ ಯಮಾಹಾ ಎನ್‌ಎಸ್-10 1978ರಲ್ಲಿ ಬಂದದ್ದು ಮನೆಯ ಸ್ಪೀಕರಾಗಿಯೇ. ಮನೆಯವರು ಅದನ್ನು ಅಷ್ಟಾಗಿ ಒಪ್ಪಲಿಲ್ಲ; ಸ್ಟುಡಿಯೊದವರು ಅದರ ಟ್ವೀಟರಿಗೆ ಟಿಶ್ಯೂ ಕಾಗದ ಅಂಟಿಸಿಕೊಂಡು ಬಳಸಿದರು.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಮಾನಿಟರಿನ ಸೊಗಸು ಒಂದೇ ಕುರ್ಚಿಗೆ ಮೀಸಲು. ಪಕ್ಕದಲ್ಲಿ ಕೂತವರಿಗೆ ಅರ್ಧ ಹಾಡು. ಪಡಸಾಲೆಯಲ್ಲಿ ಹತ್ತು ಮಂದಿ ಕೂಡಿ ಕೇಳುವ ಮನೆಗೆ ಸಾದಾ ದೊಡ್ಡ ಸ್ಪೀಕರೇ ಸರಿ.