ಕಾಲಿನ ಅಪಧಮನಿಯ ತಡೆ: ಬೈಪಾಸೋ, ಸ್ಟೆಂಟೋ?

ಬಿ.ಸಿ. ರೋಡಿನಿಂದ ಬೆಳ್ತಂಗಡಿಗಾಗಲಿ ಮೂಡುಬಿದಿರೆಗಾಗಲಿ ಹೊರಟವರಿಗೆ ‘ಬಂಟ್ವಾಳ ಬೈಪಾಸ್’ ಎಂಬ ಹೆಸರು ಚಿರಪರಿಚಿತ. ನೇತ್ರಾವತಿಯ ದಂಡೆಯ ಹಳೆಯ ಪೇಟೆಯ ಇಕ್ಕಟ್ಟನ್ನು ಹೊಗದೆ ಹೊರಗಿನಿಂದಲೇ ಸಾಗುವ ದಾರಿಯದು. ಹಾಗಲ್ಲದೆ ಪೇಟೆಬೀದಿಯನ್ನೇ ಅಗಲಗೊಳಿಸುವುದು ಇನ್ನೊಂದು ಉಪಾಯ. ಕಾಲಿನ ರಕ್ತನಾಳ ಕಟ್ಟಿಕೊಂಡಾಗ ಶಸ್ತ್ರವೈದ್ಯರ ಮುಂದಿರುವುದೂ ಇಂಥವೇ ಎರಡು ಉಪಾಯಗಳು.

ವೈದ್ಯಶಾಸ್ತ್ರದಲ್ಲಿ ಅಧಿಕಾರವಿಲ್ಲದ ಕನ್ನಡ ಪಂಡಿತನು ಈ ವಿಷಯಕ್ಕೆ ಕೈಯಿಕ್ಕಿದುದೇಕೆಂದು ವಾಚಕ ಮಹಾಶಯರು ಕೇಳಬಹುದು. ಕಾರಣ ಒಂದು ಶಬ್ದ. ನಮ್ಮ ಆಡುಮಾತಿನಲ್ಲಿ ‘ನರ’ ಎಂಬುದು ಮೂರು ಅರ್ಥಗಳ ಭಾರವನ್ನು ಹೊತ್ತಿದೆ. ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿ, ಅದನ್ನು ಮರಳಿ ತರುವ ಅಭಿಧಮನಿ, ಸಂವೇದನೆಯನ್ನು ಸಾಗಿಸುವ ತಂತು, ಈ ಮೂರೂ ನಮಗೆ ನರವೇ. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಸಿರೆಗಳನ್ನು 700 ಎಂದೂ ಧಮನಿಗಳನ್ನು 24 ಎಂದೂ ಎಣಿಸಿ ಬೇರೆ ಬೇರೆ ಅಧ್ಯಾಯಗಳಲ್ಲಿ ನಿರೂಪಿಸಿದೆ. ಆ ಎಣಿಕೆ ಇಂದಿನ ಶರೀರಶಾಸ್ತ್ರಕ್ಕೆ ಹೊಂದದಿರಬಹುದು. ಬೇರೆ ವಸ್ತುವಿಗೆ ಬೇರೆ ಹೆಸರು ಬೇಕೆಂಬ ಎಚ್ಚರವಂತೂ ಅಲ್ಲಿದೆ.

ಈ ಎಚ್ಚರ ತಪ್ಪಿದುದರ ಫಲವನ್ನು ನಾನು ಮನೆಯಲ್ಲೇ ಕಂಡೆ. ಬೆಳ್ತಂಗಡಿಯ ಕಡೆಯ ಅಡಿಕೆ ಕೃಷಿಕರಾದ ನನ್ನ ಭಾವನವರು, ತೋಟದಿಂದ ಮನೆಗೆ ಏರುವಾಗ ಮೀನಖಂಡ ಹಿಡಿದುಕೊಳ್ಳುವುದನ್ನು ‘ನರದ ಎಳೆತ’ವೆಂದು ಬಗೆದು ವರ್ಷಕಾಲ ತೈಲ ತಿಕ್ಕಿಸಿಕೊಂಡರು. ನಡೆದಾಗ ಬಂದು, ನಿಂತರೆ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತಿದ್ದ ಆ ನೋವು ರಕ್ತ ಸಾಲದ ಮಾಂಸಖಂಡದ ಮೊರೆಯಾಗಿತ್ತು. ಸಕ್ಕರೆ ಕಾಯಿಲೆಯಿತ್ತು, ಬೀಡಿಯೂ ಇತ್ತು. ಬೀಡಿ ಕಟ್ಟಿಯೇ ಎಷ್ಟೋ ಮನೆಗಳ ಒಲೆ ಉರಿದಿರುವ ಈ ಜಿಲ್ಲೆಯಲ್ಲಿ ಅದನ್ನು ಬೈಯಲು ನಾಲಿಗೆ ಹಿಂಜರಿಯುತ್ತದೆ. ಆದರೂ ಕಾಲಿನ ಅಪಧಮನಿಗೆ ಹೊಗೆಸೊಪ್ಪಿನಂಥ ವೈರಿ ಇನ್ನೊಂದಿಲ್ಲ. ಹೆಬ್ಬೆರಳಿನ ಹುಣ್ಣು ಮಾಯದೆ ಕಪ್ಪಾಗತೊಡಗಿದ ಮೇಲೆಯೇ ಅವರು ಮಂಗಳೂರಿಗೆ ಹೋದುದು. ಅಲ್ಲಿ ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದೊಡನೆ ಹೋಲಿಸಿ ನೋಡಿದರು. ಈ ಪ್ರಮಾಣವು 0.9ಕ್ಕಿಂತ ಕಡಿಮೆಯಾದರೆ ತಡೆಯಿದೆಯೆಂದು ಅರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಗಡುಸಾಗಿ ಈ ಅಂಕಿ ಕೆಲವೊಮ್ಮೆ ಮೋಸಗೊಳಿಸುವುದೂ ಉಂಟು.

ಬೈಪಾಸಿನ ಕ್ರಮ ಸೋಜಿಗದ್ದು. ಕಣಕಾಲಿನಿಂದ ತೊಡೆಸಂದಿನವರೆಗೆ ಕಾಲಿನ ಒಳಮಗ್ಗುಲಲ್ಲಿ ಹರಿಯುವ ಉದ್ದನೆಯ ಅಭಿಧಮನಿಯನ್ನು ಬಿಡಿಸಿ ತೆಗೆದು, ತಡೆಯ ಮೇಲ್ಗಡೆ ಒಂದು ತುದಿಯನ್ನೂ ಕೆಳಗಡೆ ಇನ್ನೊಂದನ್ನೂ ಹೊಲಿಯುತ್ತಾರೆ. ಅಭಿಧಮನಿಯೊಳಗೆ ರಕ್ತವನ್ನು ಮೇಲ್ಮುಖವಾಗಿ ಮಾತ್ರ ಬಿಡುವ ಕವಾಟಗಳಿರುವುದರಿಂದ ಅದನ್ನು ತಲೆಕೆಳಗಾಗಿಸಿ ಜೋಡಿಸಬೇಕು. ಇಲ್ಲವೆ ಕವಾಟಗಳನ್ನು ಕತ್ತರಿಸಬೇಕು. ಹೀಗೆ ಅಭಿಧಮನಿಯೇ ಅಪಧಮನಿಯ ಕೆಲಸ ಮಾಡುತ್ತದೆ. 1948ರಲ್ಲಿ ಪ್ಯಾರಿಸಿನ ಜಾನ್ ಕುನ್ಲಿನ್ ಎಂಬ ಶಸ್ತ್ರವೈದ್ಯನು ಕಾಲಿನಲ್ಲಿ ಇದನ್ನು ಸಾಧಿಸಿದನು. ಕೃತಕ ನಾಳಗಳೂ ಇವೆ. ಮೊಣಕಾಲಿನ ಕೆಳಗೆ ಅವು ಸ್ವಂತ ಅಭಿಧಮನಿಯಷ್ಟು ಬಾಳುವುದಿಲ್ಲ.

ಎರಡನೆಯ ಮಾರ್ಗದ ಮೂಲಪುರುಷ ಅಮೆರಿಕದ ಚಾರ್ಲ್ಸ್ ಡಾಟರ್. ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯೊಬ್ಬಳ ತೊಡೆಯ ಅಪಧಮನಿಯನ್ನು 1964ರ ಜನವರಿಯಲ್ಲಿ ಅವನು ಚರ್ಮದ ಮೂಲಕವೇ ನಳಿಕೆ ತೂರಿಸಿ ಹಿಗ್ಗಿಸಿದನು. ಆಕೆ ಬದುಕಿರುವವರೆಗೂ ತನ್ನ ಕಾಲ ಮೇಲೆಯೇ ನಡೆದಳು. ಅನಂತರ ಬಲೂನು ಬಂದಿತು. ಹಿಗ್ಗಿಸಿದ ನಾಳ ಕುಗ್ಗದಂತೆ ಒಳಗೇ ನಿಲ್ಲುವ ಲೋಹದ ಬಲೆಯೂ, ಎಂದರೆ ಸ್ಟೆಂಟೂ ಬಂದಿತು. ಗಾಯ ಸಣ್ಣದು, ಒಂದೆರಡು ದಿನಗಳಲ್ಲಿ ಮನೆ. ಆದರೆ ಬಲೆಯೊಳಗೆ ಅಂಗಾಂಶ ಬೆಳೆದು ದಾರಿ ಮತ್ತೆ ಕಿರಿದಾಗಬಹುದು. ಮೊಣಕಾಲಿನ ಹಿಂದೆ ಸದಾ ಮಡಚುವ ಜಾಗದಲ್ಲಿ ಅದು ಮುರಿಯಲೂಬಹುದು.

ಭಾವನವರಿಗೆ ಬೈಪಾಸಾಯಿತು. ಬೆರಳು ಹೋಯಿತು, ಕಾಲು ಉಳಿಯಿತು. ಹೊಲಿಗೆಯ ಗಾಯ ಒಣಗಲು ಎರಡು ತಿಂಗಳು ಹಿಡಿಯಿತು. ಮೂಡುಬಿದಿರೆಯ ನನ್ನ ಸಹಪಾಠಿಗೆ ತೊಡೆಯಲ್ಲಿ ಸ್ಟೆಂಟ್ ಹಾಕಿದರು; ಮೂರನೆಯ ದಿನ ಮನೆಗೆ ಬಂದರು, ಎರಡು ವರ್ಷದ ಮೇಲೆ ಮತ್ತೊಮ್ಮೆ ಬಲೂನಿಗೆ ಹೋದರು. ಮದುವೆಮನೆಯಲ್ಲಿ ಇಬ್ಬರೂ ಎದುರಾದರೆ ತಂತಮ್ಮ ಚಿಕಿತ್ಸೆಯೇ ಮೇಲೆಂದು ವಾದಿಸುತ್ತಾರೆ; ಕೇಳಿದವರು ಅದನ್ನೇ ಪ್ರಮಾಣವೆಂದು ಒಯ್ಯುತ್ತಾರೆ. ನನ್ನ ಆತಂಕ ಇಲ್ಲಿಯೇ ಇರುವುದು.

ವಿದ್ವಾಂಸರ ಪರೀಕ್ಷೆಗಳೂ ಒಂದೇ ಮಾತು ಹೇಳಿಲ್ಲ. 2022ರಲ್ಲಿ ಪ್ರಕಟವಾದ ‘ಬೆಸ್ಟ್-ಸಿಎಲ್‌ಐ’ ಎಂಬ ಅಧ್ಯಯನದಲ್ಲಿ, ಕಾಲಿಗೇ ಕುತ್ತು ಬಂದಿದ್ದ 1,830 ರೋಗಿಗಳಿದ್ದರು. ಒಳ್ಳೆಯ ಅಭಿಧಮನಿಯಿದ್ದವರಲ್ಲಿ, ಮೊದಲು ಬೈಪಾಸಾದವರ ಪೈಕಿ ಶೇ. 42.6 ಮಂದಿಗೆ ಮರಣವೋ ಕಾಲಿನ ದೊಡ್ಡ ಅನಾಹುತವೋ ಒದಗಿದರೆ, ಬಲೂನು-ಸ್ಟೆಂಟುಗಳ ಗುಂಪಿನಲ್ಲಿ ಶೇ. 57.4 ಮಂದಿಗೆ ಒದಗಿತು. ಅಂಥ ಅಭಿಧಮನಿ ಇಲ್ಲದವರಲ್ಲಿ ಗಣನೀಯ ಅಂತರ ಕಾಣಲಿಲ್ಲ. ಮರುವರ್ಷ ಬ್ರಿಟನ್ ಮೊದಲಾದೆಡೆ 345 ರೋಗಿಗಳ ಮೇಲೆ ನಡೆದ ‘ಬೇಸಿಲ್-2’ ಅಧ್ಯಯನವು ಪ್ರಕಟವಾಯಿತು. ಮೊಣಕಾಲಿನ ಕೆಳಗಿನ ತಡೆಗೆ ಚಿಕಿತ್ಸೆ ಬೇಕಾಗಿದ್ದ ಇವರಲ್ಲಿ ಫಲ ತಿರುವುಮುರುವಾಯಿತು. ಕಾಲು ಕಳೆದುಕೊಂಡವರು ಅಥವಾ ಮಡಿದವರು ಬೈಪಾಸಿನಲ್ಲಿ ಶೇ. 63, ಇನ್ನೊಂದರಲ್ಲಿ ಶೇ. 53.

ಇದು ಗೊಂದಲವೆನಿಸಬಹುದು, ನನಗೆ ಹಾಗೆ ತೋರುವುದಿಲ್ಲ. ತಡೆ ಎಲ್ಲಿದೆ, ಎಷ್ಟು ಉದ್ದವಿದೆ, ಅಭಿಧಮನಿ ಹೇಗಿದೆ, ಹೃದಯವು ಶಸ್ತ್ರಕ್ರಿಯೆಯನ್ನು ತಾಳೀತೇ ಎಂಬುದನ್ನು ನೋಡದೆ ಹೇಳಿದ ಉತ್ತರ ಉತ್ತರವೇ ಅಲ್ಲ. ಆದಕಾರಣ ‘ಯಾವುದು ಅಗ್ಗ, ಯಾವುದು ಹೊಸತು’ ಎನ್ನುವ ಮೊದಲು, ‘ನನ್ನ ಅಭಿಧಮನಿಯನ್ನು ಸ್ಕ್ಯಾನ್ ಮಾಡಿ ನೋಡಿದಿರಾ?’ ಎಂದು ವೈದ್ಯರನ್ನು ವಿನಯದಿಂದ ಕೇಳುವುದು ರೋಗಿಗೆ ಸಲ್ಲುವ ಪ್ರಶ್ನೆ. ನಡೆದಾಗ ಮಾತ್ರ ನೋವಿರುವವರಿಗೆ ಬಹುಮಟ್ಟಿಗೆ ಎರಡೂ ಬೇಕಾಗುವುದಿಲ್ಲ. ತಂಬಾಕು ಬಿಟ್ಟು, ಔಷಧಿ ಸೇವಿಸಿ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವೇ ಮೊದಲ ಚಿಕಿತ್ಸೆ. ಮಲಗಿದಾಗಲೂ ಪಾದ ನೋಯುವುದು, ಹುಣ್ಣು ಮಾಯದಿರುವುದು, ಬೆರಳು ಕಪ್ಪಾಗುವುದು ಕಂಡರೆ ಮಾತ್ರ ಒಂದು ದಿನವೂ ತಡೆಯಬಾರದು.

ಭಾವನವರು ಬೀಡಿ ಬಿಟ್ಟಿದ್ದಾರೆ. ತೋಟಕ್ಕೆ ಇಳಿದು ಹತ್ತುತ್ತಾರೆ. ಅಂದಿನ ನೋವಿನ ಮಾತು ಬಂದರೆ ಮಾತ್ರ ಈಗಲೂ ‘ನರದ್ದು’ ಎಂದೇ ಹೇಳುತ್ತಾರೆ. ನಾನು ತಿದ್ದುತ್ತೇನೆ, ಅವರು ನಗುತ್ತಾರೆ.