ನಡುಕವಿಲ್ಲದ ಕಂಪವಾತ

ಕೈ ನಡುಗುವ ವೃದ್ಧರನ್ನು ಕಂಡರೆ ಕಂಪವಾತವೆನ್ನುವುದು ವಾಡಿಕೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ನರು ಆರು ಮಂದಿಯನ್ನು ಗಮನಿಸಿ ಈ ರೋಗವನ್ನು ವರ್ಣಿಸಿದರು. ಅವರಲ್ಲಿ ಕೆಲವರನ್ನು ಬೀದಿಯಲ್ಲಿಯೇ ಕಂಡಿದ್ದರು. ಮುಂದೆ ರೋಗಕ್ಕೆ ಅವರ ಹೆಸರೇ ಬಂದಿತು. ಆದರೆ ಈ ರೋಗವುಳ್ಳ ಹಲವರಿಗೆ ನಡುಕವೇ ಇರುವುದಿಲ್ಲ.

ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತ ಹೋದಾಗ ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಮೊದಲ ಸೂಚನೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಒಬ್ಬರಿಗೆ ಹೆಗಲು ಹಿಡಿದುಕೊಳ್ಳುತ್ತದೆ. ಕೀಲುನೋವೆಂದು ಎಣ್ಣೆ ತಿಕ್ಕುತ್ತಾರೆ. ಒಬ್ಬರಿಗೆ ಒಗ್ಗರಣೆಯ ವಾಸನೆ ತಿಳಿಯದು. ಮತ್ತೊಬ್ಬರು ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಾರೆ. ಕೆಲವರ ಸಹಿ ಚಿಕ್ಕದಾಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಮುಖದಲ್ಲಿ ಭಾವನೆ ಕಾಣದಿದ್ದರೆ ಮುನಿಸೆಂದು ಮನೆಯವರು ತಿಳಿಯುತ್ತಾರೆ. ಮಲಬದ್ಧತೆ, ಮನಸ್ಸಿನ ಖಿನ್ನತೆಗಳೂ ಮೊದಲು ಬರಬಹುದು. 40 ವರ್ಷದೊಳಗಿನವರಿಗೂ ಈ ರೋಗ ಅಪರೂಪವಾಗಿ ಬರುವುದುಂಟು.

ನಡುಗಿದ್ದೆಲ್ಲ ಕಂಪವಾತವೂ ಅಲ್ಲ. ಕಂಪವಾತದ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿರುವಾಗ ಹೆಚ್ಚು; ಲೋಟ ಎತ್ತುವಾಗ ಬರುವ ನಡುಕ ಬಹುಮಟ್ಟಿಗೆ ಬೇರೆ ತೊಂದರೆ. ತಲೆಸುತ್ತು, ವಾಂತಿ, ಮನೋರೋಗಗಳಿಗೆ ಕೊಡುವ ಕೆಲವು ಔಷಧಿಗಳಿಂದಲೂ ಇಂತಹವೇ ಲಕ್ಷಣಗಳು ಬರುತ್ತವೆ. ವೈದ್ಯರು ಔಷಧಿ ಬದಲಾಯಿಸಿದರೆ ಹಲವರಲ್ಲಿ ಅವು ಇಳಿಯುತ್ತವೆ. ನಾವಾಗಿಯೇ ನಿಲ್ಲಿಸಬಾರದು.

ರೋಗವನ್ನು ಖಚಿತಪಡಿಸುವ ಸಾಮಾನ್ಯ ರಕ್ತಪರೀಕ್ಷೆ ಇಲ್ಲ. ವೈದ್ಯರು ನಡಿಗೆ ನೋಡಿ, ಮಣಿಕಟ್ಟು ತಿರುಗಿಸಿ, ಬೆರಳು ತಟ್ಟಿಸಿ, ಔಷಧಿಯ ಪರಿಣಾಮ ಗಮನಿಸಿ ನಿರ್ಧರಿಸುತ್ತಾರೆ. ಇದಕ್ಕೆ ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಗುರುತಿಸಿದರೆ ಮದ್ದುಂಟು. ಮುಟ್ಟಿದರೆ ತುರಿಸುವ ನಸುಗುನ್ನಿ ಕಾಯಿಯನ್ನು ನಾವೆಲ್ಲ ಬಲ್ಲೆವು. ಅದರ ಬೀಜದಿಂದ ಲೀವೊಡೋಪ ಎಂಬ ವಸ್ತುವನ್ನು 1937ರಲ್ಲಿ ಮದರಾಸಿನ ವಿಜ್ಞಾನಿಗಳು ಬೇರ್ಪಡಿಸಿದರು. ಇಂದಿಗೂ ಈ ರೋಗದ ಮುಖ್ಯ ಔಷಧಿ ಲೀವೊಡೋಪವೇ. ಅದು ರೋಗವನ್ನು ನಿರ್ಮೂಲ ಮಾಡದು; ಚಲನೆಯನ್ನು ಸರಾಗಗೊಳಿಸುತ್ತದೆ. ಬೀಜವನ್ನು ತಾವೇ ತಿನ್ನುವುದು ಅಪಾಯ.

ತಾಳಮಲೆಯವರು ನರರೋಗ ತಜ್ಞರನ್ನು ಕಾಣಲು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು, ಇಲ್ಲವೆ ಚಾಮರಾಜನಗರದ ಮೇಲೆ ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಅಲ್ಲಿ ವೈದ್ಯರು ರೋಗಿಯನ್ನು ನೋಡುವುದು ಕೆಲವು ನಿಮಿಷ. ಮನೆಯವರು ನೋಡುವುದು ವರ್ಷವೆಲ್ಲ. ಆದುದರಿಂದ ವಿದ್ಯಾರ್ಥಿಗಳೇ, ತಾತ ಅಜ್ಜಿಯರಲ್ಲಿ ಕಂಡ ಬದಲಾವಣೆ ಯಾವ ತಿಂಗಳಲ್ಲಿ, ಯಾವ ಕೈಯಲ್ಲಿ ಮೊದಲಾಯಿತೆಂದು ಬರೆದಿಡಿ. ಹಳೆಯ ಸಹಿಯನ್ನೂ ಹೊಸ ಸಹಿಯನ್ನೂ ಹೋಲಿಸಿ ನೋಡಿ. ಸೇವಿಸುವ ಮಾತ್ರೆಗಳ ಪಟ್ಟಿ ಮಾಡಿ. ವಯಸ್ಸಾಯಿತೆಂದು ಸುಮ್ಮನಾಗುವ ಮೊದಲು ಆ ಹಾಳೆಯನ್ನು ವೈದ್ಯರಿಗೆ ತೋರಿಸಿರಿ.